ಸಹಿ ಮಾಡುವ ಮೊದಲು ಓದಿ, ಓಟು ಹಾಕಿದ ಮೇಲೆ ಕೇಳಿ



ನೀವು ಈಗ ಓದಲು ಕಲಿತಿದ್ದೀರಿ. ನಿಮ್ಮ ಹೆಸರು ನೀವೇ ಬರೆಯುತ್ತೀರಿ. ಕಿರವತ್ತಿಯ ರಸ್ತೆಯಲ್ಲಿ ನಿಂತಾಗ, ಬಂದದ್ದು ಯಲ್ಲಾಪುರದ ಬಸ್ಸೋ ಹುಬ್ಬಳ್ಳಿಯ ಬಸ್ಸೋ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬೋರ್ಡು ಓದಿ ಹತ್ತುತ್ತೀರಿ.

ಅಕ್ಷರ ಬಸ್ಸಿಗೆ ಮಾತ್ರ ಅಲ್ಲ. ಊರಿನ ಕೆಲಸಕ್ಕೂ ಬೇಕು. ಅದು ಹೇಗೆ ಎಂದು ಈ ಪಾಠದಲ್ಲಿ ನೋಡೋಣ.

ಒಂದು ಊರಿನ ಮಾತು

ನಾವು ಹಿಂದೆ ಬೇರೆ ಒಂದು ಊರಿನಲ್ಲಿ ಕಲಿಸುತ್ತಿದ್ದೆವು. ಊರಿನ ಹೆಸರು ಬೇಡ. ಅಲ್ಲಿ ಒಬ್ಬರು ಸಂಜೆ ಹೊತ್ತು ಮನೆ ಮನೆಗೆ ಬರುತ್ತಿದ್ದರು. ಕೈಯಲ್ಲಿ ಒಂದು ದೊಡ್ಡ ಪುಸ್ತಕ, ಒಂದು ಶಾಯಿ ಡಬ್ಬಿ.

“ಅವ್ವಾ, ಇಲ್ಲೊಂದು ಹೆಬ್ಬೆಟ್ಟು ಒತ್ತಿ.”

“ಎದಕ್ಕಪಾ?”

“ಸರ್ಕಾರದ ಕೆಲಸ ಐತಿ.”

ಹೆಂಗಸರು ರೊಟ್ಟಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದರು. ಎಷ್ಟೋ ವರ್ಷ ಹಾಗೇ ನಡೆಯಿತು.

ನಮ್ಮ ಪಾಠಕ್ಕೆ ಬರುತ್ತಿದ್ದ ಒಬ್ಬ ಅಕ್ಕ ಆ ಸಲ ಪುಸ್ತಕವನ್ನು ಕೈಗೆ ತೆಗೆದುಕೊಂಡರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮೇಲೆ ಹೀಗೆ ಬರೆದಿತ್ತು: ‘ಗ್ರಾಮಸಭೆಗೆ ಹಾಜರಾದವರು.’

“ಸಭೆ ಯಾವಾಗ ಆತು? ನಾ ಹೋಗೇ ಇಲ್ಲಲ್ಲ!”

“ಎಲ್ಲಾರೂ ಒತ್ಯಾರ. ನೀವೂ ಒತ್ರಿ.”

“ಸಭೆ ಕರೀರಿ. ಬಂದು ಕೂತು ಸಹಿ ಮಾಡ್ತೀನಿ.”

ಆ ಅಕ್ಕ ಪುಸ್ತಕ ವಾಪಸು ಕೊಟ್ಟರು. ಆದರೆ ಕೊಡುವ ಮೊದಲು ಹಿಂದಿನ ಪುಟವನ್ನೂ ನೋಡಿದ್ದರು. ಅಲ್ಲಿ ಆ ವರ್ಷ ಮಾಡುವ ಕೆಲಸಗಳ ಪಟ್ಟಿ ಇತ್ತು. ಯಾವ ಕೇರಿಗೆ ರಸ್ತೆ, ಯಾವ ಕೇರಿಗೆ ದೀಪ, ಯಾವ ಕೇರಿಗೆ ನೀರು ಎಂದು ಬರೆದಿತ್ತು. ಇವರ ಕೇರಿಯ ಹೆಸರೇ ಅದರಲ್ಲಿ ಇರಲಿಲ್ಲ. ಇವರ ಕೇರಿಗೆ ಆಗ ನಳದ ನೀರೂ ಇರಲಿಲ್ಲ. ಆ ಪಟ್ಟಿಗೆ ‘ಒಪ್ಪಿಗೆ ಇದೆ’ ಎಂದು ಹೆಬ್ಬೆಟ್ಟು ಒತ್ತಿದವರಲ್ಲಿ ಆ ಕೇರಿಯ ಹೆಂಗಸರೂ ಇದ್ದರು!

ಓದಲು ಬಾರದಿದ್ದರೆ ನಮ್ಮ ಬೆರಳೇ ನಮಗೆ ಎದುರಾಗುತ್ತದೆ. ಅದು ಅವತ್ತು ನಮಗೆ ತಿಳಿಯಿತು.

ಗ್ರಾಮಸಭೆ ಎಂದರೆ ಏನು?

ಗ್ರಾಮ ಪಂಚಾಯತಿ ಬೇರೆ, ಗ್ರಾಮಸಭೆ ಬೇರೆ.

ಗ್ರಾಮ ಪಂಚಾಯತಿಯಲ್ಲಿ ನಾವು ಓಟು ಹಾಕಿ ಆರಿಸಿದ ಸದಸ್ಯರು ಇರುತ್ತಾರೆ. ಗ್ರಾಮಸಭೆಯಲ್ಲಿ ನಾವೆಲ್ಲರೂ ಇರುತ್ತೇವೆ. ಓಟಿನ ಪಟ್ಟಿಯಲ್ಲಿ ಯಾರ ಹೆಸರು ಇದೆಯೋ ಅವರೆಲ್ಲ ಗ್ರಾಮಸಭೆಯ ಸದಸ್ಯರು. ಕೂಲಿ ಮಾಡುವವರೂ ಸದಸ್ಯರು, ತೋಟದ ಒಡೆಯರೂ ಸದಸ್ಯರು. ಗಂಡಸಿಗೆ ಒಂದು ಮಾತು ಇದ್ದರೆ ಹೆಂಗಸಿಗೂ ಒಂದು ಮಾತು.

ಇದು ಯಾರೋ ಕೊಟ್ಟ ದಾನ ಅಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾನೂನಿನಲ್ಲಿ ಬರೆದಿದೆ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಕರೆಯಬೇಕು. ಅದಕ್ಕೂ ಮೊದಲು ನಮ್ಮ ನಮ್ಮ ವಾರ್ಡಿನಲ್ಲಿ ವಾರ್ಡ್ ಸಭೆ ಆಗಬೇಕು. ಯಾವ ಕೇರಿಗೆ ಯಾವ ಕೆಲಸ, ಯಾರಿಗೆ ಮನೆ, ಎಂಬ ಮಾತು ಅಲ್ಲಿ ಬರಬೇಕು. ವರ್ಷಕ್ಕೆ ಒಮ್ಮೆ ಜಮಾಬಂದಿ ಇರುತ್ತದೆ. ಹಣ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಅಲ್ಲಿ ಜನರ ಮುಂದೆ ಲೆಕ್ಕ ಇಡುತ್ತಾರೆ.

ನಾವು ಪಂಚಾಯತಿಗೆ ಮನೆ ತೆರಿಗೆ ಕಟ್ಟುತ್ತೇವೆ. ಪಾವತಿ ತೆಗೆದುಕೊಳ್ಳುತ್ತೇವೆ. ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟರೂ ಚಿಲ್ಲರೆ ಎಣಿಸಿಕೊಳ್ಳುತ್ತೇವೆ. ಊರಿನ ಹಣದ ಲೆಕ್ಕ ಕೇಳಲು ಯಾಕೆ ಹಿಂಜರಿಯಬೇಕು?

ನಮ್ಮ ಸೀಮೆಯವರೇ ಕೇಳಿದ್ದಾರೆ

‘ನಾವು ಸಣ್ಣವರು. ನಮ್ಮ ಮಾತು ಯಾರು ಕೇಳ್ತಾರೆ?’ ಎಂದು ಹಲವರು ಹೇಳುತ್ತಾರೆ. ಆದರೆ ನಮ್ಮ ಯಲ್ಲಾಪುರ, ಶಿರಸಿ ಸೀಮೆಯಲ್ಲೇ ಸಾಮಾನ್ಯ ಜನ ಕೇಳಿದ್ದಾರೆ. ಎರಡು ಸಂಗತಿ ಹೇಳುತ್ತೇವೆ.

ನಮ್ಮ ತಾಲೂಕಿನ ಮಾಗೋಡು ಜಲಪಾತ ನಿಮಗೆ ಗೊತ್ತು. ಅಲ್ಲಿ ಧುಮುಕುವುದು ಬೇಡ್ತಿ ನದಿ. ಸುಮಾರು 1980ರ ಹೊತ್ತಿಗೆ ಈ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತಯಾರಿಸುವ ಯೋಜನೆ ಇತ್ತು. ಕಾಡು, ಗದ್ದೆ, ಅಡಿಕೆ ತೋಟ ಮುಳುಗುತ್ತವೆ ಎಂದು ರೈತರಿಗೆ ಚಿಂತೆಯಾಯಿತು. ಅವರು ಬರೀ ಸಿಟ್ಟು ಮಾಡಲಿಲ್ಲ. ‘ಲಾಭ ಎಷ್ಟು, ನಷ್ಟ ಎಷ್ಟು? ಲೆಕ್ಕ ತೋರಿಸಿ’ ಎಂದರು. 1981ರ ಜನವರಿಯಲ್ಲಿ ಶಿರಸಿಯಲ್ಲಿ ದೊಡ್ಡ ಸಭೆ ಸೇರಿತು. ವಿಜ್ಞಾನಿಗಳು ಬಂದರು. ರೈತರೂ ಅವರ ಜೊತೆ ಕೂತು ಲೆಕ್ಕ ನೋಡಿದರು. ಆ ಯೋಜನೆ ಮುಂದೆ ಹೋಗಲಿಲ್ಲ.

ಎರಡನೆಯದು ಅಪ್ಪಿಕೊ ಚಳವಳಿ. ಶಿರಸಿ ತಾಲೂಕಿನಲ್ಲಿ ಸಾಲ್ಕಣಿ ಎಂಬ ಊರಿದೆ. ಅದರ ಹತ್ತಿರ ಕಾಡು. ಅಲ್ಲಿ ಗುತ್ತಿಗೆದಾರರ ಆಳುಗಳು ಮರ ಕಡಿಯುತ್ತಿದ್ದರು. ಒಂದು ಮರ ಬೀಳುವಾಗ ಸುತ್ತಲಿನ ಮರಗಳೂ ಮುರಿಯುತ್ತಿದ್ದವು. ಕಾಡು ಹೋದರೆ ಸೊಪ್ಪಿಲ್ಲ, ಸೌದೆಯಿಲ್ಲ, ಹಳ್ಳದಲ್ಲಿ ನೀರಿಲ್ಲ. 1983ರ ಸೆಪ್ಟೆಂಬರ್ 8ರಂದು ಊರಿನ ಗಂಡಸರು, ಹೆಂಗಸರು ನಡೆದು ಕಾಡಿಗೆ ಹೋದರು. ಮರಗಳನ್ನು ಅಪ್ಪಿಕೊಂಡು ನಿಂತರು. ಯಾರಿಗೂ ಹೊಡೆಯಲಿಲ್ಲ, ಬಡಿಯಲಿಲ್ಲ. 38 ದಿನ ಹೀಗೇ ನಡೆಯಿತು. ಕೊನೆಗೆ ಮರ ಕಡಿಯುವುದು ನಿಂತಿತು.

ಈ ಎರಡರಲ್ಲೂ ಒಂದು ಮಾತು ಗಮನಿಸಿ. ಒಬ್ಬರೇ ಹೋಗಲಿಲ್ಲ, ಕೂಡಿ ಹೋದರು. ಒಂದೇ ದಿನಕ್ಕೆ ಬಿಡಲಿಲ್ಲ, ಹಿಡಿದು ಕೂತರು.

ಪುಸ್ತಕ ಓದಿ ಹೇಳಿ ಎಂದವರು

ನಮ್ಮ ಸೀಮೆಯಿಂದ ಬಹಳ ದೂರ ರಾಜಸ್ಥಾನ ಇದೆ. ಅಲ್ಲಿಯ ಹಳ್ಳಿಗಳಲ್ಲಿ ಬರಗಾಲದ ಕಾಮಗಾರಿ ನಡೆಯುತ್ತಿತ್ತು. ಹೆಂಗಸರು ಮಣ್ಣು ಹೊತ್ತರೂ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ‘ಹಾಜರಿ ಪುಸ್ತಕದಲ್ಲಿ ಏನು ಬರೆದೀರಿ? ನಮಗೆ ತೋರಿಸಿ’ ಎಂದು ಅವರು ಕೇಳಿದರು. ತೋರಿಸುವುದಿಲ್ಲ ಎಂಬ ಉತ್ತರ ಬಂತು.

1994ರಿಂದ ಅಲ್ಲಿಯ ಕೂಲಿಕಾರರು ಬಯಲಿನಲ್ಲಿ ಸಭೆ ಸೇರಿಸಿದರು. ಸಿಕ್ಕಿದ ಲೆಕ್ಕದ ಕಾಗದಗಳನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿದರು. ಕೆಲಸಕ್ಕೆ ಬಾರದವರ ಹೆಸರಿನಲ್ಲಿ ಕೂಲಿ ಬರೆದದ್ದು ಹೊರಗೆ ಬಂತು. 1996ರಲ್ಲಿ ಬ್ಯಾವರ್ ಎಂಬ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಇಂಥ ಜನರ ಹಟದಿಂದ 2005ರಲ್ಲಿ ದೇಶಕ್ಕೆಲ್ಲ ಒಂದು ಕಾನೂನು ಬಂತು. ಅದೇ ಮಾಹಿತಿ ಹಕ್ಕಿನ ಕಾನೂನು.

ಈಗ ನಾವೂ ಹತ್ತು ರೂಪಾಯಿ ಶುಲ್ಕ ಕಟ್ಟಿ ಕಚೇರಿಯ ಲೆಕ್ಕ ಕೇಳಬಹುದು. ಬಡತನ ರೇಖೆಯ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಿ. 30 ದಿನದ ಒಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಬರೆಯಬಹುದು.

ಯಾರನ್ನು ಏನು ಕೇಳಬೇಕು?

ಕುಡಿಯುವ ನೀರು, ಬೀದಿ ದೀಪ, ಗಟಾರ, ಕೇರಿಯ ರಸ್ತೆ: ಇವನ್ನು ಗ್ರಾಮ ಪಂಚಾಯತಿಯಲ್ಲಿ ಕೇಳಿ.

ತಾಲೂಕಿನ ಆಸ್ಪತ್ರೆಗೆ ಡಾಕ್ಟರು ಇಲ್ಲ, ಶಾಲೆಗೆ ಮಾಸ್ತರು ಇಲ್ಲ, ದೊಡ್ಡ ರಸ್ತೆ ಕೆಟ್ಟಿದೆ: ಇಂಥವನ್ನು ಆಯಾ ಇಲಾಖೆಯಲ್ಲಿ ಕೇಳಿ, ಶಾಸಕರಿಗೂ ಬರೆದು ಕೊಡಿ.

ಪಂಚಾಯತಿಯ ಅವಧಿ ಐದು ವರ್ಷ. ಅವಧಿ ಮುಗಿದು ಚುನಾವಣೆ ತಡವಾದರೆ ಸರ್ಕಾರ ಆಡಳಿತಾಧಿಕಾರಿಯನ್ನು ಕೂರಿಸುತ್ತದೆ. ಆಗಲೂ ಪಂಚಾಯತ್ ಅಭಿವೃದ್ಧಿ ಅಧಿಕಾರಿ ಇರುತ್ತಾರೆ. ಇವರನ್ನೇ ಎಲ್ಲರೂ ಪಿಡಿಒ ಎನ್ನುತ್ತಾರೆ. ಕುರ್ಚಿಯಲ್ಲಿ ಯಾರೇ ಇರಲಿ, ಕೇಳುವುದನ್ನು ನಿಲ್ಲಿಸಬಾರದು.

ಇನ್ನೊಂದು ಮಾತು. 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇಟ್ಟರು. 1993ರ ಕಾನೂನಿನಲ್ಲಿ ಮೂರರಲ್ಲಿ ಒಂದು ಭಾಗ ಆಯಿತು. 2010ರಿಂದ ಅರ್ಧಕ್ಕೆ ಅರ್ಧ. ಆದರೆ ಕೆಲವು ಕಡೆ ಹೆಂಡತಿ ಆರಿಸಿ ಬಂದರೆ ಗಂಡ ಮಾತಾಡುತ್ತಾನೆ. ಆಗ ನೀವು ಹೇಳಿ: “ನಾವು ಓಟು ಹಾಕಿದ್ದು ಅಕ್ಕಗ. ಅಕ್ಕನೇ ಹೇಳಲಿ.” ಇದು ಆಕೆಗೆ ಅವಮಾನ ಅಲ್ಲ. ಬೆನ್ನಿಗೆ ಬಲ.

ಕೇಳುವ ಕ್ರಮ

ಬಾಯಿಮಾತು ಗಾಳಿಗೆ ಹೋಗುತ್ತದೆ. ಕಾಗದ ಉಳಿಯುತ್ತದೆ. ಆದ್ದರಿಂದ ಅರ್ಜಿ ಬರೆಯಿರಿ. ಹೀಗೆ ಬರೆಯಬಹುದು:

ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳಿಗೆ,
ಗ್ರಾಮ ಪಂಚಾಯತ, ………………
ವಿಷಯ: ನಮ್ಮ ಕೇರಿಗೆ ಕುಡಿಯುವ ನೀರಿನ ಬಗ್ಗೆ.
ಮಾನ್ಯರೇ,
ನಮ್ಮ ಕೇರಿಯಲ್ಲಿ …… ಮನೆಗಳಿವೆ. …… ತಾರೀಖಿನಿಂದ ನಳಕ್ಕೆ ನೀರು ಬಂದಿಲ್ಲ. ದೂರದಿಂದ ಹೊತ್ತು ತರುತ್ತಿದ್ದೇವೆ. ಬೇಗ ಸರಿ ಮಾಡಿಸಿರಿ. ಈ ವಿಷಯವನ್ನು ಮುಂದಿನ ಗ್ರಾಮಸಭೆಯಲ್ಲೂ ಇಡಿರಿ.
ತಾರೀಖು: …………
ಕೇರಿಯವರ ಸಹಿಗಳು: …………

ಎರಡು ಪ್ರತಿ ಬರೆಯಿರಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ‘ಅರ್ಜಿ ಮುಟ್ಟಿತು’ ಎಂದು ಸಹಿ, ಶಿಕ್ಕಾ, ತಾರೀಖು ಹಾಕಿಸಿಕೊಳ್ಳಿ. ಅದನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಡಿ.

ಸಭೆಗೆ ಐದಾರು ಮಂದಿ ಕೂಡಿ ಹೋಗಿ. ಹಿಂದೆ ಬಾಗಿಲ ಹತ್ತಿರ ನಿಲ್ಲಬೇಡಿ, ಮುಂದೆ ಕೂರಿ. ಒಬ್ಬರು ಕೇಳುವಾಗ ಉಳಿದವರು ಜೊತೆಗಿರಿ. ನಿಮ್ಮ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ‘ಬರೆದದ್ದನ್ನು ಓದಿ ಹೇಳಿ’ ಎನ್ನಿ. ಕೇಳಿದ ಮೇಲೆ ಸಹಿ ಮಾಡಿ. ಖಾಲಿ ಪುಟಕ್ಕೆ ಎಂದೂ ಸಹಿ ಮಾಡಬೇಡಿ.

ಹೆದರಿಕೆ ಆಗುತ್ತದೆಯೇ?

ಆಗುತ್ತದೆ. ನಮಗೂ ಆಗಿತ್ತು. ಅವರು ಸಿಟ್ಟಾದರೆ? ನಾಳೆ ಕೂಲಿಗೆ ಕರೆಯದಿದ್ದರೆ? ಮನೆಯಲ್ಲಿ ಬೈದರೆ? ಈ ಹೆದರಿಕೆ ಸುಳ್ಳಲ್ಲ. ಅದಕ್ಕೇ ಒಬ್ಬರೇ ಹೋಗಬೇಡಿ ಎನ್ನುತ್ತೇವೆ. ಒಬ್ಬರ ಹೆಸರು ಬೇಗ ಗುರುತಾಗುತ್ತದೆ. ಇಪ್ಪತ್ತು ಸಹಿ ಇದ್ದರೆ ಅದು ಕೇರಿಯ ಮಾತಾಗುತ್ತದೆ. ಬೈಯಬೇಡಿ, ಕೂಗಾಡಬೇಡಿ. ಒಳ್ಳೆಯ ಕೆಲಸ ಮಾಡಿದ ಸದಸ್ಯರಿಗೆ ಸಭೆಯಲ್ಲೇ ‘ಚಲೋ ಆತು’ ಎಂದು ಹೇಳಿ. ಕೇಳುವವರಿಗೆ ಹೊಗಳಲೂ ಬರಬೇಕು.

ಆ ಮೊದಲಿನ ಊರಿನ ಕತೆ ಮುಗಿದಿಲ್ಲ. ಆ ಅಕ್ಕ ಮುಂದಿನ ಸಭೆಗೆ ಹನ್ನೊಂದು ಹೆಂಗಸರನ್ನು ಕರೆದುಕೊಂಡು ಹೋದರು. ಮರುದಿನವೇ ನೀರು ಬರಲಿಲ್ಲ. ‘ನೋಡೋಣ’ ಎಂಬ ಉತ್ತರ ಬಂತು. ಅವರು ಮತ್ತೆ ಹೋದರು. ಎರಡು ಸಭೆ ಆದವು, ಮೂರು ಅರ್ಜಿ ಆದವು. ಕೊನೆಗೆ ಕೇರಿಯ ಹೆಸರು ಪಟ್ಟಿಗೆ ಬಂತು. ಮುಂದಿನ ಬೇಸಿಗೆಗೆ ನಳವೂ ಬಂತು.

ನೀರು ಬಂದ ದಿನ ಆ ಅಕ್ಕ ನಮಗೆ ಹೇಳಿದರು: “ಮೇಡಂ, ಓಟು ಹಾಕೋ ದಿನ ಅವರು ನಮ್ಮ ಮನೀಗೆ ಬರ್ತಾರ. ಉಳಿದ ದಿನ ನಾವೇ ಹೋಗಬೇಕು ನೋಡ್ರಿ.”

ಓದಿ, ಮಾತಾಡಿ, ಬರೆಯಿರಿ

1. ನಿಮ್ಮ ವಾರ್ಡಿನ ಸದಸ್ಯರು ಯಾರು? ಈಗ ಇಲ್ಲದಿದ್ದರೆ ಪಿಡಿಒ ಹೆಸರು ಏನು? ಕೇಳಿ ಬರೆಯಿರಿ.
2. ಕಳೆದ ಗ್ರಾಮಸಭೆ ಯಾವಾಗ ಆಯಿತು? ನೀವು ಹೋಗಿದ್ದಿರಾ?
3. ನಿಮ್ಮ ಕೇರಿಗೆ ಮೊದಲು ಬೇಕಾದ ಒಂದು ಕೆಲಸ ಯಾವುದು? ಎಲ್ಲರೂ ಕೂಡಿ ಮಾತಾಡಿ.
4. ಮೇಲಿನ ಅರ್ಜಿ ನೋಡಿ ಆ ಕೆಲಸಕ್ಕೆ ನೀವೇ ಒಂದು ಅರ್ಜಿ ಬರೆಯಿರಿ. ಹೆಬ್ಬೆಟ್ಟು ಬೇಡ, ಸಹಿ ಮಾಡಿ.