ಹೆಂಚಿನ ಮೇಲೆ ಎಸೆದ ಹಾಲುಹಲ್ಲು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವುದು ಮಕ್ಕಳಿಗೊಂದು ಸಂಭ್ರಮ. ಆ ಹಲ್ಲಿನ ತಿರುಳಿನಲ್ಲಿ ಸ್ಟೆಮ್ ಸೆಲ್ ಎಂಬ ಆಕರಕೋಶಗಳಿರುವುದನ್ನು 2003ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು.

ಮುಂಬಲ್ಲಿಗೆ ಪೆಟ್ಟು ಬಿದ್ದು ತಿರುಳು ಸತ್ತರೆ ಎಳೆಯ ಬೇರಿನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ನಾಳವನ್ನು ತೊಳೆದು ತುಂಬಿದರೆ ಹಲ್ಲು ಉಳಿದೀತು, ಜೀವ ಮರಳದು. ತಿರುಳನ್ನೇ ಮತ್ತೆ ಬೆಳೆಸಬಾರದೇಕೆ? ಜಪಾನಿನಲ್ಲಿ ಐವರು ರೋಗಿಗಳಿಗೆ ಅವರದೇ ಹಲ್ಲಿನ ಕೋಶಗಳನ್ನು ಕೊಲಾಜನ್ ಹಂದರದೊಡನೆ ಇಟ್ಟ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಅಡಿಕೆಮರದ ಆಸರೆಯಿಲ್ಲದೆ ಮೆಣಸಿನಬಳ್ಳಿ ಮೇಲೇಳುವುದುಂಟೆ? ಈ ಹಂದರವೋ, ಕಾಲಕ್ರಮದಲ್ಲಿ ಕರಗಿಹೋಗುವಂಥದು. ಮರುವರ್ಷ ಚೀನದ ಶಿಯಾನ್ ವೈದ್ಯರು ಮಕ್ಕಳ ಹಾಲುಹಲ್ಲಿನ ಕೋಶಗಳಿಂದಲೇ ಸತ್ತ ಮುಂಬಲ್ಲಿನಲ್ಲಿ ತಿರುಳು ಬೆಳೆಸಿದ ವರದಿ ಬಂದಿತು. ಬೇರು ಉದ್ದವಾಯಿತು, ಸಂವೇದನೆಯೂ ಮರಳಿತು.

ಹೆಂಚಿನ ಮೇಲೆ ಒಣಗಿದ ಹಲ್ಲು ಮಾತ್ರ ಇದಕ್ಕೆ ಒದಗದು. ಬೇಕಾದದ್ದು ಆಗತಾನೆ ಕಿತ್ತ ಹಲ್ಲು.