ಹಾಲು ಒಗ್ಗದವರಿಗೂ ಸಿಹಿಯೂಟ

ಶುಭಕಾರ್ಯದ ಪಂಕ್ತಿಯಲ್ಲಿ ಎಲ್ಲರೂ ಸಿಹಿಯುಣ್ಣುವಾಗ, ಹಾಲು ಒಗ್ಗದವರು ಕೈಹಿಂದೆಗೆಯುವುದನ್ನು ನಾವು ಕಾಣುತ್ತೇವೆ. ಇವರಲ್ಲಿ ಎರಡು ಬಗೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದವರಿಗೆ ಹೊಟ್ಟೆಯುಬ್ಬರ, ಭೇದಿ ಉಂಟಾಗುತ್ತದೆ. ಹಾಲಿನ ಪ್ರೋಟೀನಿನ ಅಲರ್ಜಿಯುಳ್ಳವರಿಗಾದರೋ ತುಸು ಹಾಲೂ ಪ್ರಾಣಾಪಾಯ ತರಬಹುದು.

ಕೇಕು, ಹಣ್ಣಿನ ಸಿಹಿಗಳ ಮೇಲೆ ಹಾಕಲು ‘ನಾನ್-ಡೇರಿ’ ಎಂದು ಬರೆದ ಕ್ರೀಮನ್ನು ಅಂಗಡಿಯಿಂದ ತರುವವರುಂಟು. ಅಂಥ ಕೆಲವು ಕ್ರೀಮುಗಳಲ್ಲಿಯೂ ಹಾಲಿನ ಪ್ರೋಟೀನಾದ ಕೇಸಿನೇಟ್ ಬೆರೆತಿರುತ್ತದೆ. ಪೊಟ್ಟಣದ ಮೇಲಿನ ವಿವರವನ್ನು ಓದದೆ ಅಲರ್ಜಿಯುಳ್ಳವರಿಗೆ ಬಡಿಸಬಾರದು.

ನಮ್ಮ ಕೊಡಗಿನಲ್ಲಿ ಇದಕ್ಕೆ ಉತ್ತರ ಅಡುಗೆಮನೆಯಲ್ಲಿಯೇ ಇದೆ. ಕಕ್ಕಡ 18ರಂದು, ಆಗಸ್ಟ್ ಆರಂಭದ ಮಳೆಯಲ್ಲಿ, ಮದ್ದುಸೊಪ್ಪಿನ ರಸ, ಅಕ್ಕಿ, ಬೆಲ್ಲ, ತೆಂಗಿನ ಹಾಲುಗಳಿಂದ ಮಾಡುವ ಮದ್ದುಪಾಯಸಕ್ಕೆ ಹಸುವಿನ ಹಾಲು ಬೇಕಿಲ್ಲ. ಮೇಲೆ ಹಾಕುವ ತುಪ್ಪವನ್ನು ಮಾತ್ರ ಅಲರ್ಜಿಯುಳ್ಳವರು ಬಿಡಬೇಕು.

ಅದೇ ತೆಂಗಿನ ಹಾಲು ಕ್ರೀಮೂ ಆಗಬಲ್ಲದು. ಬಲಿತ ಕಾಯಿಯ ತುರಿಯನ್ನು ಸ್ವಲ್ಪ ಬಿಸಿನೀರಿನೊಡನೆ ರುಬ್ಬಿ ಹಿಂಡಿ, ಮೊದಲ ಗಟ್ಟಿಹಾಲನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಮೇಲೆ ಕಟ್ಟಿದ ಕೆನೆಯನ್ನು ತೆಗೆದು, ಬೆಲ್ಲದ ಪುಡಿ, ಏಲಕ್ಕಿ ಸೇರಿಸಿ ಕಡೆದರಾಯಿತು. ಇದು ಹಾಲಿನ ಕ್ರೀಮಿನಷ್ಟು ಬಿಗಿಯಾಗಿ ನಿಲ್ಲದು. ತಂಪಾಗಿರುವಾಗಲೇ ಬಡಿಸಿ, ಅಂದೇ ಮುಗಿಸುವುದು ಲೇಸು.

ತೆಂಗಿನಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು, ಹೃದ್ರೋಗಿಗಳಿಗೆ ಮಿತಿಯಿರಲಿ. ಹಾಲಿನಷ್ಟು ಕ್ಯಾಲ್ಸಿಯಂ ತೆಂಗಿನಿಂದ ದೊರೆಯದು. ಆದುದರಿಂದ ಹಾಲು ಬಿಟ್ಟವರ ನಿತ್ಯದ ಊಟದಲ್ಲಿ ರಾಗಿ, ಎಳ್ಳು, ನುಗ್ಗೆಸೊಪ್ಪು ಇರಲೇಬೇಕು. ಅಡುಗೆಗೆ ಮುನ್ನವೇ ವಿಚಾರಿಸಿ, ಹಾಲು ತಾಗದ ಪಾತ್ರೆ, ಸೌಟುಗಳನ್ನು ಬೇರೆಯಿಟ್ಟರೆ ಪಂಕ್ತಿಯಲ್ಲಿ ಯಾರ ಎಲೆಯೂ ಸಿಹಿಯಿಲ್ಲದೆ ಉಳಿಯದು.