ನಾಡಿಗೊಂದು ಹಾಡು: ಆರಿಸುವವರು ಯಾರು, ಆರಿಸುವುದು ಹೇಗೆ?

ಕೃಷ್ಣೆಯ ದಡದ ತಂಗಡಗಿ ಶರಣ ಸಮೂಹಕ್ಕೆ ಅಪರಿಚಿತವಾದ ಊರಲ್ಲ. ಬಸವಣ್ಣನವರ ಕರೆಯನ್ನು ಹೊತ್ತು ಹಡಪದ ಅಪ್ಪಣ್ಣನವರು ಕಲ್ಯಾಣಕ್ಕೆ ಹೋದರೆಂದೂ, ಕೂಡಲಸಂಗಮದತ್ತ ಹೊರಟುಬಂದ ನೀಲಾಂಬಿಕೆ ತಾಯಿಯವರು ಇಲ್ಲಿಯೇ ಲಿಂಗೈಕ್ಯರಾದರೆಂದೂ ಪರಂಪರೆ ಹೇಳಿಕೊಂಡು ಬಂದಿದೆ. ಮುದ್ದೇಬಿಹಾಳ ತಾಲೂಕಿನ ಈ ಊರಿನ ಮಗ್ಗುಲಲ್ಲಿ ಹರಿಯುವ ಕೃಷ್ಣೆಯ ಹೆಸರೂ, ಬಸವೇಶ್ವರರ ಹೆಸರೂ ಒಂದೇ ಹಾಡಿನಲ್ಲಿ ಸೇರಿಕೊಂಡು ಇಂದು ನಾಡಿನ ಶಾಲೆಗಳಲ್ಲಿಯೂ ಸರ್ಕಾರದ ಸಮಾರಂಭಗಳಲ್ಲಿಯೂ ಕೇಳಿಬರುತ್ತಿವೆ. ಅದು ರಾಷ್ಟ್ರಕವಿ ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ'. ಅದೇ ನಮ್ಮ ನಾಡಗೀತೆ.

ಮಕ್ಕಳು ಈ ಹಾಡನ್ನು ಎದ್ದು ನಿಂತು ಹಾಡುತ್ತಾರೆ. ಹಿರಿಯರು ಎದ್ದು ನಿಂತು ಕೇಳುತ್ತಾರೆ. ಆದರೆ ಕೋಟ್ಯಂತರ ಜನರ ಪರವಾಗಿ ಒಂದೇ ಒಂದು ಹಾಡನ್ನು ಆರಿಸುವುದು ಹೇಗೆ, ಅದನ್ನು ಹಾಡುವ ಧಾಟಿಯನ್ನು ನಿಶ್ಚಯಿಸುವವರು ಯಾರು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಅನೇಕರು ಕೇಳಿಕೊಂಡಿರಲಾರರು. ಕರ್ನಾಟಕದಲ್ಲಿ ಈ ಆಯ್ಕೆ ಪೂರ್ಣಗೊಳ್ಳಲು ಹದಿನೆಂಟು ವರ್ಷಗಳಿಗೂ ಮಿಕ್ಕಿ ಕಾಲ ಹಿಡಿಯಿತು. ಆ ಕಥೆ ಪ್ರತಿಯೊಂದು ಕುಟುಂಬವೂ ತಿಳಿದಿರಬೇಕಾದದ್ದು.

ಹಿಂದಿನ ಹಾಡು

ಈ ಗೀತೆಗೆ ಮೊದಲು ಕನ್ನಡಿಗರ ನಾಲಗೆಯ ಮೇಲೆ ನಲಿದಾಡಿದ್ದು ಗದುಗಿನ ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು'. 1924ರಲ್ಲಿ ಮಹಾತ್ಮ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನದಲ್ಲಿ ಅದು ಮೊಳಗಿತು. ವಿಜಯಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಆ ಗೀತೆ ಒಂದು ಹಾರೈಕೆಯಾಗಿತ್ತು. ಅದನ್ನು ಯಾವ ಸಮಿತಿಯೂ ಆರಿಸಲಿಲ್ಲ, ಯಾವ ಆದೇಶವೂ ಹೊರಡಲಿಲ್ಲ. ಏಕೀಕರಣದ ಸಭೆಗಳಲ್ಲಿ ಜನರೇ ಅದನ್ನು ಹಾಡಿ ಹಾಡಿ ನಾಡಗೀತೆಯ ಗೌರವಕ್ಕೆ ಏರಿಸಿದರು. 1956ರ ನವೆಂಬರ್ 1ರಂದು ನಾಡು ಒಂದಾದಾಗ ಆ ಹಾರೈಕೆ ಕೈಗೂಡಿತು.

ಪದಗಳ ಆಯ್ಕೆ

ಕುವೆಂಪು ಅವರ ಕವಿತೆಯನ್ನು ಕರ್ನಾಟಕ ಸರ್ಕಾರ ನಾಡಗೀತೆಯೆಂದು ಘೋಷಿಸಿದ್ದು 2004ರ ಜನವರಿ 6ರಂದು. ಈ ಕವಿತೆಯ ಹಿರಿಮೆ ಅದರ ವಿಶಾಲವಾದ ನೋಟದಲ್ಲಿದೆ. ಕರ್ನಾಟಕವನ್ನು ಭಾರತಮಾತೆಯ ಮಗಳೆಂದು ಕರೆದು, ನಾಡಭಕ್ತಿಗೂ ದೇಶಭಕ್ತಿಗೂ ಜಗಳವಿಲ್ಲವೆಂಬುದನ್ನು ಕವಿ ಮೊದಲಲ್ಲೇ ಸಾರುತ್ತಾರೆ. ಕೃಷ್ಣೆ, ತುಂಗೆ, ಕಾವೇರಿ, ಶರಾವತಿಯರು ಅದರಲ್ಲಿ ಹರಿಯುತ್ತಾರೆ. ಪಂಪ, ಪೊನ್ನ, ರನ್ನ, ಜನ್ನರ ಸಾಲಿನಲ್ಲಿ ನಮ್ಮ ಷಡಕ್ಷರಿಯೂ ಕುಳಿತಿದ್ದಾನೆ. ಶಂಕರ, ರಾಮಾನುಜರ ಜೊತೆಗೆ ಬಸವೇಶ್ವರರಿದ್ದಾರೆ. ನಾನಕ, ಕಬೀರರೂ ಇದ್ದಾರೆ. ಹಿಂದೂ, ಕ್ರೈಸ್ತ, ಮುಸಲ್ಮಾನ, ಪಾರಸಿಕ, ಜೈನರೆಲ್ಲರಿಗೂ ನಾಡು ಉದ್ಯಾನವೆಂಬ ಭಾವ ಅದರ ಜೀವಾಳ.

ಹೆಸರುಗಳಿಂದ ತುಂಬಿದ ಗೀತೆಯಲ್ಲಿ ಹೆಸರಿನ ಪ್ರಶ್ನೆ ಏಳುವುದು ಸಹಜ. ಘೋಷಿಸಿದ ಪಾಠದಲ್ಲಿ ಮಧ್ವಾಚಾರ್ಯರ ಹೆಸರಿಲ್ಲವೆಂಬ ಆಕ್ಷೇಪ ಬಂದು, ನಾಡಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಇದನ್ನು ಕೇವಲ ಹಟವೆಂದು ತಳ್ಳಿಹಾಕಲಾಗದು. ಎಲ್ಲರ ಪರವಾಗಿ ಹಾಡುವ ಹಾಡಿನಲ್ಲಿ ತನ್ನ ಗುರುವಿನ ಹೆಸರನ್ನು ಅರಸುವುದು ಭಕ್ತನ ಸ್ವಭಾವ. ಬಸವಣ್ಣನವರ ಹೆಸರು ಬಿಟ್ಟುಹೋಗಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ನಮ್ಮ ಎದೆಯ ಮೇಲೆ ಕೈಯಿಟ್ಟು ಕೇಳಿಕೊಂಡರೆ ಅನ್ಯರ ನೋವೂ ಅರ್ಥವಾಗುತ್ತದೆ.

ಧಾಟಿಯ ಆಯ್ಕೆ

ಪದಗಳು ನಿಶ್ಚಯವಾದರೂ ಧಾಟಿ ನಿಶ್ಚಯವಾಗಲಿಲ್ಲ. ಸುಗಮ ಸಂಗೀತದ ಇಬ್ಬರು ದಿಗ್ಗಜರು ಈ ಗೀತೆಗೆ ರಾಗ ಸಂಯೋಜಿಸಿದ್ದರು. ಒಬ್ಬರು 1995ರಲ್ಲಿ ನಮ್ಮನ್ನಗಲಿದ ಮೈಸೂರು ಅನಂತಸ್ವಾಮಿಯವರು. ಇನ್ನೊಬ್ಬರು 2009ರಲ್ಲಿ ತೀರಿಕೊಂಡ ಸಿ. ಅಶ್ವಥ್ ಅವರು. ಕನ್ನಡದ ಕವಿತೆಗಳನ್ನು ಪುಸ್ತಕದಿಂದ ಬಿಡಿಸಿ ಮನೆಮನೆಗೆ ಮುಟ್ಟಿಸಿದ ಕೀರ್ತಿ ಇಬ್ಬರಿಗೂ ಸಲ್ಲಬೇಕು. ಹೀಗಿರುವಾಗ ಒಬ್ಬರ ಧಾಟಿಯನ್ನು ಆರಿಸಿದರೆ ಇನ್ನೊಬ್ಬರನ್ನು ಕೈಬಿಟ್ಟಂತೆ ಎಂಬ ಸಂಕಟ ಎದುರಾಯಿತು.

ಇದರ ಜೊತೆಗೆ ಕಾಲದ ಪ್ರಶ್ನೆಯೂ ಇತ್ತು. ಆಲಾಪ ಸೇರಿಸಿ, ಸಾಲುಗಳನ್ನು ಮರಳಿ ಮರಳಿ ಹಾಡಿದರೆ ಗೀತೆ ಬಹಳ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತು ವೃದ್ಧರೂ ಅಶಕ್ತರೂ ನಿಂತಿರುವುದು ಕಷ್ಟವೆಂಬ ದೂರು ಸಭೆಗಳಲ್ಲಿ ಕೇಳಿಬಂದಿತು. ಕವಿತೆಯನ್ನು ಮೊಟಕುಗೊಳಿಸೋಣವೆಂದರೆ ಕವಿಗೆ ಅಪಚಾರ. ಪೂರ್ತಿ ಹಾಡೋಣವೆಂದರೆ ಸಭೆಗೆ ಆಯಾಸ.

ಈ ಗಂಟನ್ನು ಬಿಡಿಸಲು ಸರ್ಕಾರ ಬೇರೆ ಬೇರೆ ಕಾಲದಲ್ಲಿ ಸಮಿತಿಗಳನ್ನು ನೇಮಿಸಿತು. ಪಂಡಿತ ವಸಂತ ಕನಕಾಪುರ ಅವರೂ, ಧಾರವಾಡದ ಹಿರಿಯ ಕವಿ ಚೆನ್ನವೀರ ಕಣವಿಯವರೂ ಇಂಥ ಸಮಿತಿಗಳ ಮುಂದಾಳುಗಳಾಗಿದ್ದರು. ಕೊನೆಗೆ 2021ರಲ್ಲಿ ಹಿರಿಯ ಗಾಯಕಿ ಎಚ್.ಆರ್. ಲೀಲಾವತಿ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಸಮಿತಿಯು ಅನಂತಸ್ವಾಮಿಯವರ ಧಾಟಿಯನ್ನು ಶಿಫಾರಸು ಮಾಡಿತು. 2022ರ ಸೆಪ್ಟೆಂಬರ್ ತಿಂಗಳಲ್ಲಿ ಸರ್ಕಾರ ಅದನ್ನು ಒಪ್ಪಿ ಆದೇಶ ಹೊರಡಿಸಿತು. ಆಲಾಪವಿಲ್ಲದೆ, ಸಾಲುಗಳನ್ನು ಪುನರಾವರ್ತಿಸದೆ, ಪೂರ್ಣ ಗೀತೆಯನ್ನು 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡತಕ್ಕದ್ದು ಎಂಬುದು ಅದರ ಸಾರ. ಕವಿತೆಯ ಪದಗಳೂ ಉಳಿದವು, ಸಭೆಯ ಆಯಾಸವೂ ಇಳಿಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಅಗಲಿದ ಕಣವಿಯವರು ಈ ದಿನವನ್ನು ಕಾಣಲಿಲ್ಲವೆಂಬುದೊಂದು ಕೊರಗು.

ಆದೇಶದಿಂದಲೂ ವಾದ ನಿಲ್ಲಲಿಲ್ಲ. ಅಶ್ವಥ್ ಅವರ ಗರಡಿಯಲ್ಲಿ ಪಳಗಿದ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿಯವರು ಉಚ್ಚ ನ್ಯಾಯಾಲಯದ ಮೊರೆ ಹೋದರು. ಅನಂತಸ್ವಾಮಿಯವರು ಇಡೀ ಗೀತೆಗೆ ರಾಗ ಹಾಕಿರಲಿಲ್ಲವೆಂಬುದು ಅವರ ಪಕ್ಷದ ವಾದಗಳಲ್ಲೊಂದು. ಇಂಥದೇ ಧಾಟಿಯಲ್ಲಿ ಹಾಡಬೇಕೆಂದು ಸರ್ಕಾರ ಕಟ್ಟಳೆ ಮಾಡಬಹುದೇ ಎಂಬುದು ಅದರ ಹಿಂದಿನ ಮೂಲ ಪ್ರಶ್ನೆ. 2024ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ವಜಾ ಮಾಡಿತು. ಸರ್ಕಾರದ ಆದೇಶ ಊರ್ಜಿತವಾಯಿತು.

ದೇಶಕ್ಕೆ ಹಾಡು ಬೇಕಾದಾಗ

ಇಂಥ ಇಕ್ಕಟ್ಟು ಇಡೀ ದೇಶಕ್ಕೂ ಬಂದಿತ್ತು. 1947ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನಡೆದಾಗ, ವಾದ್ಯವೃಂದದವರು ನುಡಿಸಲು ನಿಮ್ಮ ರಾಷ್ಟ್ರಗೀತೆ ಯಾವುದೆಂದು ಭಾರತದ ನಿಯೋಗವನ್ನು ಕೇಳಿದರು. ಸ್ವತಂತ್ರ ಭಾರತ ಆಗಿನ್ನೂ ಹಾಡನ್ನು ಆರಿಸಿರಲಿಲ್ಲ. ನಿಯೋಗದವರ ಬಳಿ ರವೀಂದ್ರನಾಥ ಠಾಕೂರರ 'ಜನ ಗಣ ಮನ'ದ ಧ್ವನಿಮುದ್ರಿಕೆಯಿತ್ತು; ಅದನ್ನೇ ಕೊಟ್ಟರು. ಅಲ್ಲಿ ನೆರೆದವರು ಆ ಧಾಟಿಯನ್ನು ಬಹುವಾಗಿ ಮೆಚ್ಚಿಕೊಂಡರು. ಪ್ರಧಾನಿ ನೆಹರೂ ಅವರು 1948ರ ಆಗಸ್ಟ್ 25ರಂದು ಸಂವಿಧಾನ ಸಭೆಯಲ್ಲಿ ಈ ಸಂಗತಿಯನ್ನು ವಿವರಿಸಿದರು. ಪ್ರಾಂತಗಳ ಗವರ್ನರುಗಳಿಗೆ ಪತ್ರ ಬರೆದು ಕೇಳಿದಾಗ ಒಬ್ಬರ ಹೊರತು ಉಳಿದವರೆಲ್ಲ ಅದನ್ನೇ ಒಪ್ಪಿದರು. ವಾದ್ಯವೃಂದಗಳು ನುಡಿಸಲು ಒಗ್ಗುವ ಧಾಟಿ ಎಂಬುದು ನೆಹರೂ ಅವರ ಮುಖ್ಯ ಸಮರ್ಥನೆಯಾಗಿತ್ತು.

1950ರ ಜನವರಿ 24ರಂದು ಬಾಬು ರಾಜೇಂದ್ರ ಪ್ರಸಾದರು ಸಂವಿಧಾನ ಸಭೆಯಲ್ಲಿ 'ಜನ ಗಣ ಮನ'ವನ್ನು ರಾಷ್ಟ್ರಗೀತೆಯೆಂದು ಘೋಷಿಸಿ, ಸ್ವಾತಂತ್ರ್ಯ ಹೋರಾಟದಲ್ಲಿ ಪಾತ್ರ ವಹಿಸಿದ 'ವಂದೇ ಮಾತರಂ'ಗೂ ಸರಿಸಮನಾದ ಗೌರವ ಸಲ್ಲುವುದೆಂದು ಹೇಳಿದರು. ಅಲ್ಲಿ ಮತ ಎಣಿಸಲಿಲ್ಲ, ಗೆದ್ದವರು ಸೋತವರು ಎಂಬ ಲೆಕ್ಕವಾಗಲಿಲ್ಲ. ಆರಿಸಿದ ಹಾಡಿಗೆ ಪಟ್ಟ ಕಟ್ಟುವಾಗ ಆರಿಸದ ಹಾಡಿಗೂ ಪೀಠ ಹಾಕಿದ ಆ ಜಾಣ್ಮೆ ಮನನೀಯವಾದದ್ದು. ರಾಷ್ಟ್ರಗೀತೆ ಹಾಡಲು ಗೊತ್ತುಪಡಿಸಿದ ಕಾಲ ಸುಮಾರು 52 ಸೆಕೆಂಡು.

ನೆರೆಯ ರಾಜ್ಯಗಳೂ ಈಚೆಗೆ ಇದೇ ದಾರಿ ಹಿಡಿದಿವೆ. 'ತಮಿಳ್ ತಾಯ್ ವಾಳ್ತು' 2021ರ ಡಿಸೆಂಬರಿನಲ್ಲಿ ತಮಿಳುನಾಡಿನ ನಾಡಗೀತೆಯೆಂದು ಘೋಷಿತವಾಯಿತು. ಅದಕ್ಕೆ ಗೊತ್ತುಪಡಿಸಿದ ಕಾಲ 55 ಸೆಕೆಂಡು. ಮಹಾರಾಷ್ಟ್ರ 2023ರಲ್ಲಿ, ತೆಲಂಗಾಣ 2024ರಲ್ಲಿ ತಮ್ಮ ಗೀತೆಗಳನ್ನು ಅಂಗೀಕರಿಸಿದವು. ತೆಲಂಗಾಣದಲ್ಲಂತೂ ಹಾಡಿಗೆ ರಾಗ ಹಾಕಿದವರು ಯಾವ ಸೀಮೆಯವರೆಂಬ ಚರ್ಚೆಯೇ ಎದ್ದಿತು. ಹಾಡಿನ ಆಯ್ಕೆಯಲ್ಲಿ ಜಗಳವಾಡಿದವರು ನಾವೊಬ್ಬರೇ ಅಲ್ಲ.

ಯುರೋಪಿನ ಪದ್ಧತಿ

ಹೊರದೇಶಗಳತ್ತ ಒಮ್ಮೆ ನೋಡೋಣ. ಯುರೋಪಿನ ದೇಶಗಳು ವರ್ಷಕ್ಕೊಮ್ಮೆ 'ಯೂರೋವಿಷನ್' ಎಂಬ ಗೀತ ಸ್ಪರ್ಧೆಗೆ ತಮ್ಮ ತಮ್ಮ ಹಾಡುಗಳನ್ನು ಕಳಿಸುತ್ತವೆ. ಮೊದಲ ಸ್ಪರ್ಧೆ ನಡೆದದ್ದು 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ. ಏಳು ದೇಶಗಳು ಎರಡೆರಡು ಹಾಡುಗಳೊಡನೆ ಬಂದಿದ್ದವು. ಅಂದು ತೀರ್ಪುಗಾರರು ಗುಟ್ಟಾಗಿ ಮತ ಹಾಕಿದರು. ತಮ್ಮ ದೇಶಕ್ಕೇ ಮತ ಹಾಕಿಕೊಳ್ಳಲೂ ಅವಕಾಶವಿತ್ತು. ಆತಿಥ್ಯ ವಹಿಸಿದ ಸ್ವಿಟ್ಜರ್ಲೆಂಡೇ ಗೆದ್ದಿತು; ಮತಗಳ ಲೆಕ್ಕ ಪ್ರಕಟವಾಗಲೇ ಇಲ್ಲ. ಮರುವರ್ಷದಿಂದ ದೇಶಕ್ಕೊಂದೇ ಹಾಡು, ತನ್ನ ದೇಶಕ್ಕೆ ತಾನೇ ಮತ ಹಾಕುವಂತಿಲ್ಲ ಎಂಬ ನಿಯಮಗಳು ಬಂದವು. ಹಾಡು ಮೂರು ನಿಮಿಷ ಮೀರಬಾರದು, ವೇದಿಕೆಯಲ್ಲಿ ಆರು ಜನಕ್ಕಿಂತ ಹೆಚ್ಚು ಇರಬಾರದು ಎಂಬ ಕಟ್ಟುಪಾಡುಗಳೂ ಇವೆ.

ದೇಶದ ಹಾಡನ್ನು ಆರಿಸುವ ಹೊಣೆ ಆಯಾ ದೇಶದ ಪ್ರಸಾರ ಸಂಸ್ಥೆಯದು. ಇಟಲಿಯಲ್ಲಿ 1951ರಿಂದ ನಡೆದುಬಂದ ಸಾನ್ರೆಮೋ ಗೀತೋತ್ಸವದಲ್ಲಿ ಗೆದ್ದವರಿಗೆ ಮೊದಲ ಆಹ್ವಾನ ಸಲ್ಲುತ್ತದೆ. ಸ್ವೀಡನ್ನಿನಲ್ಲಿ ವಾರಗಟ್ಟಲೆ ದೂರದರ್ಶನದಲ್ಲಿ ಸ್ಪರ್ಧೆ ನಡೆಸಿ, ತೀರ್ಪುಗಾರರ ಅಂಕವನ್ನೂ ಜನರ ಮತವನ್ನೂ ಕೂಡಿಸಿ ಆರಿಸುತ್ತಾರೆ. ಇನ್ನು ಕೆಲವು ದೇಶಗಳಲ್ಲಿ ಸಂಸ್ಥೆಯ ತಜ್ಞರೇ ಒಳಗೊಳಗೆ ಕುಳಿತು ನಿರ್ಧರಿಸುತ್ತಾರೆ. ಹಾಡು ಸ್ವಂತ ಭಾಷೆಯಲ್ಲೇ ಇರಬೇಕೆಂಬ ನಿಯಮ 1999ರಲ್ಲಿ ಸಡಿಲವಾದ ಬಳಿಕ ಬಹಳಷ್ಟು ದೇಶಗಳು ಇಂಗ್ಲಿಷಿಗೆ ಹೊರಳಿದವು. ಗೆಲ್ಲುವ ಆಸೆಗೆ ಸ್ವಂತ ನುಡಿ ಹಿಂದೆ ಸರಿದ ಈ ಸಂಗತಿ ನಮಗೂ ಎಚ್ಚರಿಕೆಯ ಮಾತು.

ಅವರದು ಒಂದು ರಾತ್ರಿಯ ಸ್ಪರ್ಧೆ. ನಮ್ಮದು ತಲೆಮಾರುಗಳ ಗೀತೆ. ಆದರೂ ಅವರಿಂದ ಕಲಿಯಬೇಕಾದ ಪಾಠ ಒಂದಿದೆ. ಹಾಡು ಎಷ್ಟು ಹೊತ್ತಿನದಿರಬೇಕು, ಯಾರು ಆರಿಸಬೇಕು, ಹೇಗೆ ಆರಿಸಬೇಕು ಎಂಬುದನ್ನು ಅವರು ಮೊದಲೇ ಗೊತ್ತುಮಾಡಿ, ಬಳಿಕ ಹಾಡನ್ನು ಹುಡುಕುತ್ತಾರೆ. ನಾವು 2004ರಲ್ಲಿ ಪದಗಳನ್ನು ಘೋಷಿಸಿ, ಧಾಟಿಯನ್ನೂ ಕಾಲವನ್ನೂ 2022ರವರೆಗೆ ಬಾಕಿ ಉಳಿಸಿಕೊಂಡೆವು. ಜಗಳದ ಮೂಲ ಅಭಿರುಚಿಯ ಭೇದದಲ್ಲಿದ್ದುದಕ್ಕಿಂತ ಈ ವಿಳಂಬದಲ್ಲಿಯೇ ಹೆಚ್ಚಾಗಿತ್ತು. ಜನರು ಒಂದು ಧಾಟಿಗೆ ಮನಸೋತ ಮೇಲೆ ಇನ್ನೊಂದನ್ನು ವಿಧಿಸಿದರೆ ಅದು ಎಷ್ಟೇ ಯೋಗ್ಯವಾಗಿದ್ದರೂ ಹೊರಗಿನದೆನಿಸುತ್ತದೆ.

ವಚನಕ್ಕೆ ಹಲವು ಧಾಟಿ, ಮೇಳಕ್ಕೆ ಒಂದೇ

ಇಲ್ಲಿ ನಮ್ಮ ಮನೆ ಮಠಗಳ ಅನುಭವ ದಾರಿ ತೋರುತ್ತದೆ. ವಚನಗಳನ್ನು ಪಂಡಿತ ಮಲ್ಲಿಕಾರ್ಜುನ ಮನಸೂರರು ಹಾಡಿದರು, ಬಸವರಾಜ ರಾಜಗುರುಗಳು ಹಾಡಿದರು, ಸಿದ್ಧರಾಮ ಜಂಬಲದಿನ್ನಿಯವರು ಹಾಡಿದರು. ಒಂದೇ ವಚನ ಒಬ್ಬೊಬ್ಬರ ಕಂಠದಲ್ಲಿ ಒಂದೊಂದು ರಾಗವನ್ನು ಉಟ್ಟುಕೊಂಡರೂ ಯಾರೂ ಕೋರ್ಟಿಗೆ ಹೋಗಲಿಲ್ಲ. ಏಕೆಂದರೆ ಅಲ್ಲಿ ಹಾಡುವವರು ಒಬ್ಬರು, ಉಳಿದವರೆಲ್ಲ ಕೇಳುವವರು. ಆದರೆ ಅದೇ ಊರಿನ ಭಜನಾ ಮೇಳದಲ್ಲಿ ಇಪ್ಪತ್ತು ಜನ ತಾಳ ಹಿಡಿದು ಕುಳಿತಾಗ ಪೇಟಿಯವರು ಒಂದು ಚಾಲು ಹಿಡಿದರೆಂದರೆ ಎಲ್ಲರೂ ಅದನ್ನೇ ಹಿಡಿಯಬೇಕು. ತಮಗೆ ಬೇರೆ ಚಾಲು ಚೆಂದವೆನಿಸಿದರೂ ಆ ಹೊತ್ತಿಗೆ ಅದನ್ನು ನುಂಗಿಕೊಳ್ಳಬೇಕು. ಇಲ್ಲವಾದರೆ ಭಜನೆ ನಿಂತು ಗದ್ದಲವಾಗುತ್ತದೆ.

ನಾಡಗೀತೆ ಕಛೇರಿಯ ಹಾಡಲ್ಲ. ಅದು ಮೇಳದ ಹಾಡು. ಗಂಟಲು ಪಳಗಿದವರಿಗೆ ಎಷ್ಟು ಸೊಗಸು ಎಂಬುದಕ್ಕಿಂತ, ಗಂಟಲೇ ಇಲ್ಲವೆನ್ನುವವರೂ ಜೊತೆಗೂಡಬಲ್ಲರೇ ಎಂಬುದೇ ಅದರ ಒರೆಗಲ್ಲು. ಶಾಲೆಯ ಅಂಗಳದಲ್ಲಿ ನಿಂತ ಆರು ವರ್ಷದ ಮಗುವೂ, ಗ್ರಾಮ ಪಂಚಾಯತಿಯ ಮುಂದೆ ಧ್ವಜಕ್ಕೆ ವಂದಿಸುವ ಎಪ್ಪತ್ತರ ಅಜ್ಜನೂ ಒಂದೇ ಉಸಿರಿನಲ್ಲಿ ಹಾಡಬಲ್ಲ ಧಾಟಿ ಅದಕ್ಕೆ ಬೇಕು. ಈ ದೃಷ್ಟಿಯಿಂದ ಒಂದು ಧಾಟಿ, ಒಂದು ಕಾಲಮಿತಿ ಎಂಬ ನಿರ್ಣಯ ಉಚಿತವೇ ಆಗಿದೆ. ಅದರಿಂದ ಅಶ್ವಥ್ ಅವರ ಸಂಯೋಜನೆಯ ಬೆಲೆ ಕುಂದಲಿಲ್ಲ. ಗಾಯನಗೋಷ್ಠಿಗಳಲ್ಲಿ, ಧ್ವನಿಮುದ್ರಿಕೆಗಳಲ್ಲಿ ಅದು ಬಾಳಲಿ. 'ಉದಯವಾಗಲಿ'ಯೂ ರಾಜ್ಯೋತ್ಸವದಂದು ಕೇಳಿಬರಲಿ. ಆರಿಸದ ಹಾಡನ್ನು ಮರೆಯುವ ನಾಡು ಆರಿಸಿದ ಹಾಡನ್ನೂ ಬಹುಕಾಲ ನೆನಪಿನಲ್ಲಿ ಇಟ್ಟುಕೊಳ್ಳಲಾರದು.

ಈಗ ಉಳಿದಿರುವುದು ನಮ್ಮ ಪಾಲಿನ ಕೆಲಸ. ಆದೇಶ ಧಾಟಿಯನ್ನು ಕೊಟ್ಟೀತು, ಅರ್ಥವನ್ನು ಕೊಡಲಾರದು. ಎಷ್ಟೋ ಮಕ್ಕಳು ಈ ಗೀತೆಯನ್ನು ಬಾಯಿಪಾಠದಿಂದ ಒಪ್ಪಿಸಬಲ್ಲರು. ಷಡಕ್ಷರಿ ಯಾರು, ಜನ್ನ ಯಾರು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ತಂದೆತಾಯಿಗಳು ವಾರಕ್ಕೊಂದು ಸಂಜೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಈ ಗೀತೆಯ ಒಂದೊಂದೇ ಹೆಸರನ್ನು ಬಿಡಿಸಿ ಹೇಳಬಾರದೇಕೆ? ಒಂದು ವಾರ ಬಸವೇಶ್ವರರ ಕಥೆಯಾಗಲಿ, ಮರುವಾರ ರಾಮಾನುಜರದಾಗಲಿ, ಅದರ ಮರುವಾರ ಕಬೀರರದಾಗಲಿ. ನಮ್ಮ ಗುರುವಿನ ಹೆಸರಿಗೆ ತಲೆಬಾಗುವ ಮಗು ಪಕ್ಕದ ಹೆಸರಿಗೂ ತಲೆಬಾಗುವುದನ್ನು ಕಲಿತರೆ, ಕವಿ ಆ ಹೆಸರುಗಳನ್ನೆಲ್ಲ ಒಂದೇ ಹಾರದಲ್ಲಿ ಪೋಣಿಸಿದ್ದು ಸಾರ್ಥಕವಾದೀತು.